ಉಂಡ ಮೇಲೆ ಹೇಳುವ ಮಾತು

ಯಮನವ್ವನ ಮನೆಗೆ ಯಾರೇ ಬರಲಿ, ಮೊದಲು ಕಂಬಳಿ ಹಾಸುತ್ತಿದ್ದಳು. ಮದುವೆಯಲ್ಲಿ ತವರಿನವರು ಕೊಟ್ಟ ಕರಿ ಕಂಬಳಿ, ಅಂಚಿಗೆ ಬಿಳಿ ಗೆರೆ. ಆಮೇಲೆ ನೀರಿನ ತಂಬಿಗೆ, ಅದರ ಹಿಂದೆ ಬಿಸಿ ರೊಟ್ಟಿ. ಬಂದವರು ಉಂಡು ಕೈ ತೊಳೆದ ಮೇಲಷ್ಟೇ ಮನೆಯ ಕಷ್ಟದ ಮಾತು. ಹಸಿದು ಬಂದವರ ಮುಂದೆ ನಮ್ಮ ದುಃಖ ಬಿಚ್ಚಿದರೆ ಅವರಿಗೆ ತುತ್ತು ಇಳಿಯುವುದಿಲ್ಲ ಎಂದು ಅತ್ತೆ ಕಲಿಸಿಕೊಟ್ಟಿದ್ದಳು. ಹೊಸ್ತಿಲಲ್ಲಿ ನಿಂತು "ಹೆಂಗ ಅದೀರಿ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಎಲ್ಲಾ ಚಲೋ ಐತ್ರಿ." ಹಿಂದಿನ ದಿನ ಹಟ್ಟಿಯಲ್ಲಿ ಕುರಿ ಸತ್ತು ಬಿದ್ದಿದ್ದರೂ ಅದೇ ಉತ್ತರ. ಮಹಾರಾಷ್ಟ್ರದ ಗಡಿಯೊಳಗಿನ ಮಾಡಗ್ಯಾಳದ ಸುತ್ತಿನ ಕುರಿಗಾರರ ಮನೆಗಳಲ್ಲಿ ಇದು ರೂಢಿ. ಸರಕಾರಕ್ಕೆ ಈ ರೂಢಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅದನ್ನು ಚೆನ್ನಾಗಿ ಬಳಸಿಕೊಂಡಿತು.

ಯಮನವ್ವ ಇರುವ ಹತ್ತಾರು ಮನೆಗಳ ವಸ್ತಿ ಮಾಡಗ್ಯಾಳದಿಂದ ಆಚೆ, ಬರೀ ಕಲ್ಲು ಮತ್ತು ಜಾಲಿಯ ಬಯಲಿನಲ್ಲಿದೆ. ಗಂಡ ಅಪ್ಪಾಸಾಬ ಬೆಳಕು ಹರಿಯುತ್ತಲೇ ಕುರಿ ಬಿಟ್ಟುಕೊಂಡು ಹೋಗುವವನು, ಮಾತು ಕಡಿಮೆ. ಮಾತೆಲ್ಲ ಇವಳ ಪಾಲಿಗೆ, ಕನ್ನಡದಲ್ಲೂ ಮರಾಠಿಯಲ್ಲೂ. ಒಬ್ಬಳೇ ಮಗಳು ಮಂಗಲ. ಕರಜಗಿಗೆ ಕೊಟ್ಟಿದ್ದರು. ವಸ್ತಿಯ ಅಂಚಿನಲ್ಲಿ ಸರಕಾರ ಒಂದು ದವಾಖಾನೆ ಕಟ್ಟಿಸಿತ್ತು. ಗೋಡೆಗೆ ಬಣ್ಣ, ಸುತ್ತ ಕಂಪೌಂಡು, ದೊಡ್ಡ ಫಲಕ, ಎಲ್ಲ ಇತ್ತು. ನರ್ಸು ಮಾತ್ರ ಇರಲಿಲ್ಲ. ಬಾಗಿಲಿಗೆ ಬೀಗ, ಮುಂದಿನ ಕಟ್ಟೆಯ ನೆರಳಲ್ಲಿ ಯಮನವ್ವನ ಕುರಿ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಜೀಪು ಬಂತು. ರಾಜ್ಯದ ಉತ್ತರ ತುದಿಯ ಖಾನದೇಶದ ಆಮದಾರರಂತೆ, ಅಂದರೆ ಶಾಸಕರು. ಗಿಣಿಮೂಗಿನ ಮಾಡಗ್ಯಾಳ ಟಗರಿನ ಹೆಸರು ಕೇಳಿ, ತಮ್ಮ ಹೊಲಕ್ಕೊಂದು ಬೇಕೆಂದು ಅಷ್ಟು ದೂರದಿಂದ ಬಂದಿದ್ದರು. ಕಟ್ಟೆಯ ಮೇಲಿನ ಕುರಿ ನೋಡಿ, "ನಿಮ್ಮ ಕುರಿಹಟ್ಟಿ ಭಾರೀ ಇದೆಯಲ್ಲ, ತಾಯಿ!" ಎಂದು ಮರಾಠಿಯಲ್ಲಿ ನಕ್ಕರು. ಯಮನವ್ವ ತಾನೂ ನಕ್ಕಳು, ಕಂಬಳಿ ಹಾಸಿದಳು, ರೊಟ್ಟಿ ಬಡಿದಳು. ಅವರು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಬಾಯಿ ಬಿಟ್ಟಳು.

"ಸಾಹೇಬ್ರ, ಅದು ಹಟ್ಟಿ ಅಲ್ರಿ, ದವಾಖಾನಿ. ಕಟ್ಟಿ ಹೋದವ್ರು ತಿರುಗಿ ನೋಡಿಲ್ಲ. ನನ್ನ ಮಗಳು ಬಸರಿ ಅದಾಳ. ಚೊಚ್ಚಲ ಬಾಣಂತನಕ್ಕ ನನ್ನ ಮನೀಗೇ ಬರ್ತಾಳ. ಅಷ್ಟರಾಗ ಒಬ್ಬ ನರ್ಸಬಾಯೀನ್ನ ಕಳಸ್ರಿ. ಮತ್ತೇನೂ ಕೇಳಾಂಗಿಲ್ಲ."

ಆಮದಾರರ ನಗೆ ನಿಂತುಹೋಯಿತು. ಟಗರಿನ ಮಾತು ಬಿಟ್ಟು ಬೀಗದ ಬಾಗಿಲಿನವರೆಗೆ ಹೋಗಿ ನೋಡಿ, ಸಭೆಯಲ್ಲಿ ಕೇಳುತ್ತೇನೆ ಎಂದರು.

ಹೇಳಿದ ಮಾತು ಮರೆಯುವ ಜಾತಿಯ ಮನುಷ್ಯ ಅವರಲ್ಲ. ನಾಗಪುರದ ವಿಧಾನಸಭೆ ಅಧಿವೇಶನದಲ್ಲಿ ಎದ್ದು ನಿಂತು ಕೇಳಿಯೇಬಿಟ್ಟರು: ಗೋಡೆಗೆ ಖರ್ಚು ಮಾಡಿದ್ದೀರಿ, ಬಣ್ಣಕ್ಕೆ ಮಾಡಿದ್ದೀರಿ, ಫಲಕಕ್ಕೂ ಮಾಡಿದ್ದೀರಿ. ಒಬ್ಬ ನರ್ಸಿಗೆ ಮಾಡಲು ಏನು ಅಡ್ಡ? ಕುರಿಗಳಿಗೆ ನೆರಳು ಬೇಕೆಂದು ಕಟ್ಟಿಸಿದಿರೋ? ಸಭೆ ನಕ್ಕಿತಂತೆ. ಪರಿಶೀಲನೆಗೆ ಸಮಿತಿ ಕಳಿಸುತ್ತೇವೆ ಎಂಬ ಉತ್ತರ ಬಂತು. ಅದನ್ನು ಕೇಳಿ ಯಮನವ್ವ ವಸ್ತಿಗೆಲ್ಲ ಬೆಲ್ಲ ಹಂಚಿದಳು.

ಸರಪಂಚ ಬಸಗೊಂಡ ಬೆಲ್ಲ ತಿನ್ನಲಿಲ್ಲ. ಕುರಿ ಮಲಗುವ ದವಾಖಾನೆಯ ಊರು ಎಂದು ಪೇಪರಿನಲ್ಲಿ ಬಂದಿತ್ತು. ಬೀಗರೆಲ್ಲ ಫೋನು ಮಾಡಿ ಚಾಷ್ಟಿ ಮಾಡಿ ನಕ್ಕಿದ್ದರು. ಕೆಟ್ಟ ಮನುಷ್ಯನಲ್ಲ, ಮಾನಕ್ಕೆ ಅಂಜುವವನು. ಸಮಿತಿ ಬರುವ ಸುದ್ದಿ ಸಿಕ್ಕಿದ್ದೇ ವಸ್ತಿಯವರನ್ನು ಕೂಡಿಸಿದ.

"ಮುಂಬೈಯಿಂದ ಮಂದಿ ಬರಾಕತ್ತಾರ. ನಮ್ಮ ಊರಿಗೆ ಬರೂ ಬೀಗರು, ಪಾವಣ್ಯಾರು ಅವ್ರು. ಹೊಲಸ ತೋರಿಸಿ ಕಳಸೂದೇನು? ಮದ್ಲ ಸ್ವಚ್ಛ ಮಾಡೋಣು. ಊಟಾ ಆದಮ್ಯಾಲ ಎಲ್ಲಾ ಹೇಳೋಣು."

ಮಾತು ಯಮನವ್ವನಿಗೆ ಸರಿ ಕಂಡಿತು. ಸರಿ ಕಾಣದೆ ಏನು? ಹುಟ್ಟಿದಾಗಿನಿಂದ ಬದುಕಿದ್ದೇ ಹಾಗೆ. ಬೀಗ ತೆಗೆಸಿ, ಹಿಕ್ಕೆ ಬಳಿದು, ನೆಲ ತೊಳೆದು ರಂಗೋಲಿ ಹಾಕಿದಳು. ಬಂದವರು ಎಲ್ಲಿ ಕೂರಬೇಕು ಎಂದು ಮನೆಮನೆಯಿಂದ ಹೊರಸು, ಹಗ್ಗದ ಮಂಚ ಹೊರಿಸಿಕೊಂಡು ಬಂದು ಒಳಗೆ ಸಾಲಾಗಿ ಇಡಿಸಿದಳು. ಎಲ್ಲಕ್ಕಿಂತ ಮುಂದಿನ ಹೊರಸಿನ ಮೇಲೆ ತನ್ನ ಕರಿ ಕಂಬಳಿ ಹಾಸಿ ಅಂಗೈಯಿಂದ ನೇವರಿಸಿದಳು. ಅಪ್ಪಾಸಾಬ ಒಳ್ಳೆಯದೊಂದು ಮರಿ ಕೊಯ್ದ.

ಸಮಿತಿ ಬಂತು. ಸಾಹೇಬರು ಒಳಗೆ ಬಂದು, ಸುತ್ತ ಕಣ್ಣಾಡಿಸಿ, ಹೊರಸಿನ ಸಾಲಿನ ಫೋಟೋ ತೆಗೆದರು. ಅವರಲ್ಲೊಬ್ಬರು ಯಮನವ್ವನನ್ನೇ ಕೇಳಿದರು, "ಏನು ತಾಯಿ, ಎಲ್ಲ ಸರಿಯಾಗಿದೆಯಾ?"

ಅವಳು ಸೆರಗು ಹೊದ್ದು ಕೈಮುಗಿದಳು. "ಎಲ್ಲಾ ಚಲೋ ಐತ್ರಿ. ಊಟಕ್ಕ ಬರ್ರಿ."

ಸಾಹೇಬರು ಬರೆದುಕೊಂಡರು. ಚಹಾ ಕುಡಿದರು. ಇನ್ನೂ ಶೇಗಾಂವದ ಕಡೆ ಹೋಗಬೇಕು, ಊಟಕ್ಕೆ ಹೊತ್ತಿಲ್ಲ ಎಂದು ಗಾಡಿ ಹತ್ತಿಯೇಬಿಟ್ಟರು. ಯಮನವ್ವ ಗಾಬರಿಯಾಗಿ ಬುಟ್ಟಿಯಲ್ಲಿ ರೊಟ್ಟಿ ಹಿಡಿದು ಗಾಡಿಯ ಹಿಂದೆ ಓಡಿದಳು. "ಎರಡು ತುತ್ತು ಉಂಡ ಹೋಗ್ರಿ! ಉಂಡ ಹೋಗ್ರೆಪಾ!" ಗಾಡಿಯಲ್ಲಿದ್ದವರು ಅವಳ ಪ್ರೀತಿಗೆ ಮೆಚ್ಚಿ ನಕ್ಕು ಕೈ ಬೀಸಿದರು. ಓಡುತ್ತ ರೊಟ್ಟಿಗೆ ಕರೆದವಳು ನರ್ಸನ್ನೇ ಕೂಗಿ ಕೇಳಬಹುದಿತ್ತಲ್ಲ ಎಂದು ಕುರ್ಚಿಯಲ್ಲಿ ಕೂತ ನಾವು ಅನ್ನಬಹುದು. ಉಣ್ಣದವರಿಗೆ ಹೇಳುವ ಮಾತು ಅವಳ ಬಾಯಲ್ಲಿರಲಿಲ್ಲ. ಅಂದು ಮಾಡಿದ ಅಡಿಗೆಯನ್ನು ವಸ್ತಿಯವರೇ ಉಂಡರು. ಅವಳು ಉಣ್ಣಲಿಲ್ಲ.

ಮಂಗಲ ತುಂಬಿದ ಹೊಟ್ಟೆ ಹೊತ್ತು ತವರಿಗೆ ಬಂದಳು. ಬಿಸಿಲು ಏರುತ್ತಿದ್ದ ಒಂದು ದಿನ ಮೊಬೈಲು ಹಿಡಿದು ಕೂಗಿದಳು, "ಯವ್ವಾ, ಬಾ ಇಲ್ಲೆ! ನಿನ್ನ ಕಂಬಳಿ ಬಂದೈತಿ ನೋಡು!"

ಮುಂಬೈಯ ಅಧಿವೇಶನದಲ್ಲಿ ಮಂತ್ರಿಗಳು ಸಮಿತಿ ತೆಗೆದ ಫೋಟೋ ಎತ್ತಿ ತೋರಿಸುತ್ತಿದ್ದರು. ದವಾಖಾನೆ ಸೇವೆಯಲ್ಲಿದೆ. ಹಾಸಿಗೆ, ಕಂಬಳಿಗಳ ಸಹಿತ ವ್ಯವಸ್ಥೆ ಇದೆ. ಎಲ್ಲ ಸರಿಯಾಗಿದೆಯೆಂದು ಊರಿನ ಹೆಣ್ಣುಮಗಳೇ ಹೇಳಿದ್ದಾಳೆ. ಸನ್ಮಾನ್ಯ ಸದಸ್ಯರು ಮೊದಲು ತಮ್ಮ ಕ್ಷೇತ್ರದ ಚಿಂತೆ ಮಾಡಲಿ. ಸಭೆ ಮತ್ತೆ ನಕ್ಕಿತು. ಖಾನದೇಶದ ಆಮದಾರರು ಕೈಯಲ್ಲಿದ್ದ ಕಾಗದ ಮಡಚಿ ಕೂತುಬಿಟ್ಟರು.

ಮಂಗಲಳ ನಗೆ ಅರ್ಧಕ್ಕೆ ನಿಂತಿತು. "ಯವ್ವಾ, ನೀ ಹಂಗ ಯಾಕ ಹೇಳ್ದಿ?"

ಯಮನವ್ವ ಒಲೆಯ ಮುಂದೆ ಕೂತು ಬೂದಿ ಕೆದಕಿದಳು.

ನರ್ಸು ಬರಲಿಲ್ಲ. ಹೆರಿಗೆಯ ನೋವು ದಿನಕ್ಕಿಂತ ಮೊದಲೇ, ನಡುಮಧ್ಯಾಹ್ನ ಬಂತು. ಪಕ್ಕದ ಮನೆಯ ರುಕ್ಮವ್ವ ಓಡಿ ಬಂದು ಹೆರಿಗೆ ಮಾಡಿಸಿದಳು. ಮಗು ಚೆನ್ನಾಗಿಯೇ ಹುಟ್ಟಿತು, ಹೆಣ್ಣು, ಹುಟ್ಟಿದ್ದೇ ವಸ್ತಿಗೆಲ್ಲ ಕೇಳುವಂತೆ ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಅಪ್ಪಾಸಾಬ ಆಂಬುಲೆನ್ಸಿಗೆ ಫೋನು ಮಾಡಿದ. ಅದು ತಾಲೂಕಿನ ಇನ್ನೊಂದು ತುದಿಯಲ್ಲಿತ್ತು. ಬಸಗೊಂಡ ತನ್ನ ಜೀಪು ತಂದ. ಮಗಳನ್ನು ಕರಿ ಕಂಬಳಿಯಲ್ಲಿ ಸುತ್ತಿ ಮಲಗಿಸಿದರು. ದೊಡ್ಡ ದವಾಖಾನೆಯಿರುವ ಜತ್ತಿನ ದಾರಿ ಹಿಡಿಯಬೇಕಾದರೆ ಆ ದವಾಖಾನೆಯ ಮುಂದೆಯೇ ಹೋಗಬೇಕು. ಸಮಿತಿಗೆಂದು ಬಳಿದ ಬಣ್ಣ ಇನ್ನೂ ಹೊಸದಾಗಿತ್ತು. ಬೀಗವೂ ಹೊಸದು. ಬಸಗೊಂಡ ಆ ಕಡೆ ನೋಡದೆ ಅಳುತ್ತಲೇ ಜೀಪು ಓಡಿಸಿದ.

ಯಮನವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಹೆಂಗ ಐತಿ, ನನ್ನವ್ವಾ?"

ಮಂಗಲ ಅವಳ ಮಗಳೇ ತಾನೇ. ಕಣ್ಣು ತೆರೆಯದೆ ಅಂದಳು, "ಚಲೋ ಐತಿ, ಯವ್ವಾ."

ಜತ್ತಿನ ಮನೆಗಳು ಕಾಣುವ ಮೊದಲೇ ಮಗಳ ಕೈ ತಣ್ಣಗಾಯಿತು.

ಕಂಬಳಿ ಮಗಳ ಜೊತೆಗೇ ಮಣ್ಣಿಗೆ ಹೋಯಿತು. ಮಗುವಿಗೆ ಕಾಜಲ್ ಎಂದು ಹೆಸರಿಟ್ಟರು. ಮಂಗಲಳೇ ಆರಿಸಿಟ್ಟಿದ್ದ ಹೆಸರು. ಯಮನವ್ವ ಆಡಿನ ಹಾಲು ಕುಡಿಸಿ ಸಾಕತೊಡಗಿದಳು. ಮಾತು ನಿಂತೇಹೋಗಿತ್ತು. ಎರಡು ಭಾಷೆಯ ಆ ನಾಲಿಗೆಯಿಂದ ಕೂಸನ್ನು ರಮಿಸುವ ಸದ್ದು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ.

ಸುದ್ದಿ ಕೇಳಿ ಆಮದಾರರು ಮತ್ತೆ ಬಂದರು. ಈ ಸಲ ಟಗರಿಗಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಯಮನವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ನಿಂದರ್ರಿ, ಸಾಹೇಬ್ರ. ಮದ್ಲ ಕೇಳ್ರಿ. ನಮ್ಮ ದವಾಖಾನ್ಯಾಗ ನರ್ಸಬಾಯಿ ಇಲ್ರಿ. ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ಆ ಹೊರಸು ನಮ್ಮವು, ಕಂಬಳಿ ನಂದು. ಏನೂ ಚಲೋ ಇಲ್ರಿ. ನನ್ನ ಮಗಳು ಸತ್ತಾಳ." ಒಂದೇ ಉಸಿರಿಗೆ ಹೇಳಿ ಪಕ್ಕಕ್ಕೆ ಸರಿದಳು. "ಈಗ ಒಳಗ ಬರ್ರಿ. ಹಾಸಾಕ ಏನೂ ಇಲ್ಲ. ನೆಲದ ಮ್ಯಾಲ ಕುಂದ್ರಿ."

ಆಮದಾರರು ಬರೀ ನೆಲದ ಮೇಲೆ ಕೂತರು. ಅವಳು ಕೂಸನ್ನು ಅವರ ಪಕ್ಕದಲ್ಲೇ ಮಲಗಿಸಿ, ರೊಟ್ಟಿ ಬಡಿದು ತಾಟು ಮುಂದಿಟ್ಟಳು. ಅವರು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ಅತ್ತೆ ಹೇಳಿದ್ದು ಸುಳ್ಳಲ್ಲ, ಅದು ಇಳಿಯಲಿಲ್ಲ.

ಯಮನವ್ವ ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದಳು.

"ಉಣ್ರಿ," ಅಂದಳು. "ನಾನೂ ದಿನಾ ಹಿಂಗ ಉಣ್ತೀನಿ."