ನಾಲೆಯಲ್ಲಿ ನೆನೆಹಾಕಿದ ಗರಿ

ತುರುವೇಕೆರೆ ಕಡೆ ನಾಲೆಯ ಹೂಳು ಅಳೆಯಲು ದೋಣಿಯಲ್ಲಿ ಹೋಗುತ್ತಿದ್ದೆ. ತೆಂಗಿನ ನೆರಳು ನೀರಿನ ಮೇಲೆ ತೂಗುತ್ತಿತ್ತು. ನಾನು ಮರಗಳ ಮೇಲೇ ತೇಲುತ್ತಿದ್ದೇನೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಎಂಜಿನ್ ನಿಂತಿತು. ನೀರೊಳಗೆ ಏನೋ ಫ್ಯಾನಿಗೆ, ಅಂದರೆ ದೋಣಿಯನ್ನು ತಳ್ಳುವ ರೆಕ್ಕೆಗೆ, ಸುತ್ತಿಕೊಂಡಿತ್ತು. ಕತ್ತರಿಸಲು ಕುಡುಗೋಲು ತೆಗೆದೆ.

“ಕುಯ್ಯಬ್ಯಾಡ ಕಣಪ್ಪ, ನನ್ ಮಗಳ ಮದ್ವೆ ಚಪ್ಪರದ ಗರಿ ಅವು,” ಎಂದರು ದಡದಲ್ಲಿದ್ದ ಒಬ್ಬರು ಹೆಂಗಸು. ತೆಂಗಿನ ಗರಿ ಹೆಣೆಯುವ ಮೊದಲು ನೆನೆಯಬೇಕು, ಅದಕ್ಕೇ ಕಲ್ಲು ಹೇರಿ ಮುಳುಗಿಸಿದ್ದರು.

“ದೋಣಿ ಬರೋ ದಾರಿ ಅಲ್ವೇನಮ್ಮ?”

“ಈ ನಾಲೇಲಿ ದೋಣಿ ಬತ್ತದೆ ಅಂತ ಯಾರ್ ಕನಸು ಕಂಡಿದ್ರು?”

ಎಂಜಿನ್ ಮೇಲೆತ್ತಿ, ರೆಕ್ಕೆಯನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಗರಿ ಬಿಡಿಸಿದೆ. ಒಂದೂ ಹರಿಯಲಿಲ್ಲ.

ಮದುವೆಗೆ ಕರೆದರು, ಹೋದೆ. ನನ್ನ ದೋಣಿಯನ್ನು ತಡೆದಿದ್ದ ಅದೇ ಗರಿಗಳ ಚಪ್ಪರದ ನೆರಳಲ್ಲೇ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡೆ.