ಪಿಕಪ್ ಆಗುತ್ತಿದೆ ಎಂದ ಗುಬ್ಬಿಯ ಮಿಲ್ಲು

ವ್ಯಾಪಾರ ಹೇಗಿದೆ ಎಂದು ಕೇಳಿದಾಗ ‘ಪಿಕಪ್ ಆಗ್ತಾ ಇದೆ’ ಎನ್ನುವವನನ್ನು ನಾನು ಸುಮ್ಮನೆ ಬಿಡುವುದಿಲ್ಲ. ಎಲ್ಲಿಂದ ಎಲ್ಲಿಗೆ ಪಿಕಪ್? ಯಾವತ್ತಿನಿಂದ? ಇಷ್ಟು ಕೇಳಿಯೇ ಮೇಲೇಳುತ್ತೇನೆ. ಅಂಗಡಿ ತುಂಬ ಗಿರಾಕಿ ಇರುವವನು ಈ ಮಾತು ಆಡುವುದನ್ನು ನಾನು ಕಂಡಿಲ್ಲ. ಅವನಿಗೆ ಆಡಲು ಬಿಡುವೇ ಇರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮೋಟಾರು ಬಿಚ್ಚಿ ಕಟ್ಟುವ ಕೆಲಸಕ್ಕಿದ್ದಾಗ ಈ ಮಾತು ಮೊದಲು ನನ್ನ ಕಿವಿಗೆ ಬಿತ್ತು. ಸ್ವಿಚ್ ಒತ್ತಿದ ಮೇಲೆ ಮೋಟಾರು ನಿಂತಲ್ಲೇ ಗುಂಯ್ ಎಂದು ಗೊಣಗಿದರೆ ‘ಪಿಕಪ್ ತಗೊಳ್ತಿಲ್ಲ’, ಸರ್ರನೆ ವೇಗಕ್ಕೆ ಬಂದರೆ ‘ಪಿಕಪ್ ಚೆನ್ನಾಗೈತೆ’. ಅಲ್ಲಿ ಅದನ್ನು ಕಿವಿಯಿಂದಲೇ ಪರೀಕ್ಷೆ ಮಾಡಬಹುದಿತ್ತು. ಮುಂದೆ ನಾನೇ ತುಮಕೂರಿನ ಬಟವಾಡಿಯಲ್ಲಿ ಸೆಕೆಂಡ್‌ಹ್ಯಾಂಡ್ ಮೋಟಾರು, ಪಂಪ್‌ಸೆಟ್ಟಿನ ಅಂಗಡಿ ಇಡುವಷ್ಟರಲ್ಲಿ ಮಾತು ಊರೆಲ್ಲ ಹರಡಿತ್ತು. ಜ್ವರ ಬಿಟ್ಟ ಮಗು ಎರಡು ತುತ್ತು ತಿಂದರೆ ಡಾಕ್ಟರು ‘ಪಿಕಪ್ ಆಗ್ತಾನೆ ಬಿಡಿ’ ಎನ್ನುತ್ತಿದ್ದರು. ಲೆಕ್ಕದಲ್ಲಿ ಫೇಲಾದವನ ಅಪ್ಪನಿಗೆ ಟ್ಯೂಷನ್ ಮೇಷ್ಟ್ರು ಹೇಳುತ್ತಿದ್ದದ್ದೂ ಅದನ್ನೇ. ಪರೀಕ್ಷೆಗೆ ಸಿಗದ ಜಾಗದಲ್ಲೆಲ್ಲ ಆ ಮಾತು ಹೋಗಿ ಕೂತಿತ್ತು.

ಹಳೇ ಮೋಟಾರು ಮಾರುವವರು ಇನ್ನೂ ಒಂದು ಕೈ ಮೇಲೆ. ತಣ್ಣಗಿದ್ದಾಗಿನ ಗೊಣಗು ಕೇಳಿಸದಿರಲೆಂದು ನಾನು ಹೋಗುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟು, ‘ಪಿಕಪ್ ನೋಡಿ ಸಾ’ ಎನ್ನುತ್ತಿದ್ದರು. ಅದಕ್ಕೇ ನಾನು ಮೊದಲು ಮೋಟಾರಿನ ಮೈಮೇಲೆ ಅಂಗೈ ಇಡುತ್ತಿದ್ದೆ. ಬೆಚ್ಚಗಿದ್ದರೆ ಮಾತು ಬೆಳೆಸದೆ ಟೀ ಕುಡಿಯಲು ಕರೆದುಕೊಂಡು ಹೋಗಿ, ತಣ್ಣಗಾದ ಮೇಲೆ ಬಂದು ಸ್ವಿಚ್ ಒತ್ತುತ್ತಿದ್ದೆ. ನೀವೂ ಹಾಗೇ ಮಾಡಿ. ಒಂದು ಟೀಯಿಂದ ಏನೂ ಮುಳುಗುವುದಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ತಂಗಿಗೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ತಂದವರು ಕುಣಿಗಲ್ಲಿನಲ್ಲಿದ್ದ, ದೂರದ ನಂಟಿನ ಚಿಕ್ಕಪ್ಪ. ಹುಡುಗನ ಮನೆಯವರದು ಹಿಟ್ಟಿನ ಮಿಲ್ಲು. ನಮ್ಮಪ್ಪ ತೀರಿಕೊಂಡಿದ್ದರಿಂದ ನಾನು ಹೂಂ ಅನ್ನದೆ ನಮ್ಮ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಹಿಂದೆ ಬಂದಿದ್ದ ಎರಡು ಸಂಬಂಧಗಳನ್ನು ನಾನೇ ಬೇಡವೆಂದಿದ್ದೆ. ಇದೂ ಮುರಿದರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ ಅಮ್ಮನಿಗೆ. ಹುಡುಗ ಬಂದು ನೋಡಿಕೊಂಡು ಹೋಗಿದ್ದ. ತಂಗಿ ಒಪ್ಪಿಗೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಗುಬ್ಬಿಗೆ ಬಸ್ಸು ಎಷ್ಟೊತ್ತಿಗೊಂದು ಇರುತ್ತದೆ ಎಂದು ಮಾತ್ರ ಕೇಳಿದಳು.

“ಮಿಲ್ಲು ಹೆಂಗೈತೆ ಚಿಕ್ಕಪ್ಪ?” ಎಂದೆ.

“ಈಗೀಗ ಬೋ ಪಿಕಪ್ ಆಗ್ತಾ ಐತೆ ಕಣಪ್ಪ!”

ನನಗೆ ಅಲ್ಲಿಗೇ ಚುರುಕ್ ಎಂದಿತು.

ಮನೆ ನೋಡುವ ಶಾಸ್ತ್ರಕ್ಕೆ ನಾನೂ ಚಿಕ್ಕಪ್ಪನೂ ಗುಬ್ಬಿಗೆ ಹೋದೆವು. ಮಿಲ್ಲಿನ ಬಾಗಿಲಿನಿಂದ ಬೇವಿನ ಮರದ ತನಕ ತಗಡಿನ ಡಬ್ಬಗಳ ಸಾಲು. ಚಿಕ್ಕಪ್ಪ ನನ್ನ ಪಕ್ಕೆಗೆ ತಿವಿದರು.

“ನೋಡ್ಲಾ, ನೋಡು! ಪಿಕಪ್ ಅಂದ್ನೋ ಇಲ್ವೋ?”

ಸಾಲಿನಲ್ಲಿ ಡಬ್ಬಗಳಿದ್ದವು, ಮನುಷ್ಯರು ಒಬ್ಬರೂ ಇರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ಒಂದು ಡಬ್ಬಕ್ಕೆ ಬೆರಳಿನಿಂದ ತಟ್ಟಿದೆ. ಟಣ್ ಎಂದಿತು. ಪಕ್ಕದ್ದನ್ನು ಕಾಲಿನಿಂದ ನೂಕಿದೆ, ಹಗುರಕ್ಕೆ ಸರಿಯಿತು. ಅದರಾಚೆಯದೂ ಖಾಲಿ. ಒಳಗೆ ಮಿಲ್ಲು ನಿಂತಿತ್ತು. “ಕರೆಂಟ್ ಹೋಯ್ತು ನೋಡಿ, ಇದ್ದಿದ್ರೆ ಓಡಿಸಿ ತೋರಿಸ್ತಿದ್ದೆ,” ಎಂದರು ಹುಡುಗನ ಅಪ್ಪ. ನನಗೆ ಬೇಕಾಗಿದ್ದ ಸಾಕ್ಷಿಯೆಲ್ಲ ಸಿಕ್ಕಂತಾಯಿತು. ವ್ಯಾಪಾರದಲ್ಲಿ ಎದುರಿನವನ ಮಾಲಿನಲ್ಲಿ ದೋಷ ಕಂಡರೆ ಮುಖದಲ್ಲಿ ತೋರಿಸಬಾರದು, ಕೇಳಲೂಬಾರದು. ಕೇಳಿದರೆ ಅವನು ಜವಾಬು ಕಟ್ಟಿಕೊಳ್ಳುತ್ತಾನೆ. ಹಾಗಾಗಿ ಉಪ್ಪಿಟ್ಟು, ಕೇಸರಿಬಾತು ತಿಂದು, ನಗುನಗುತ್ತಾ ಕೈಮುಗಿದು ಬಂದೆ.

ಮನೆಯಲ್ಲಿ ಅಮ್ಮನ ಎದುರಿಗೆ ಹೇಳಿದೆ: “ಡಬ್ಬ ಎಲ್ಲಾ ಖಾಲಿ ಕಣಮ್ಮ. ನಾವು ಬರ್ತೀವಿ ಅಂತ ಜೋಡ್ಸಿಟ್ಟವ್ರೆ.”

ತಂಗಿ ಒಳಗಿನಿಂದ ಬಂದಳು. “ಯಾಕೆ ಖಾಲಿ ಅಂತ ಯಾರನ್ನಾದ್ರೂ ಕೇಳಿದ್ಯಾ?”

“ಕೇಳಿದ್ರೆ ನಿಜ ಹೇಳ್ತಾರಾ?”

“ನೀನು ನಂಗೆ ಗಂಡು ನೋಡಕ್ಕೆ ಹೋಗಿದ್ಯೋ, ಮೋಟಾರ್ ತರಕ್ಕೆ ಹೋಗಿದ್ಯೋ? ಬೆಚ್ಚಗವ್ರಾ ಅಂತ ಅವರಪ್ಪನ ಮೈಯೂ ಮುಟ್ಟಿ ನೋಡಿದ್ಯಾ?”

ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು. ತಂಗಿ ನಗಲಿಲ್ಲ. ಒಂದು ಡಬ್ಬಕ್ಕೆ ರಾಗಿ ತುಂಬಿ ತಂದು ನನ್ನ ಮುಂದೆ ಇಟ್ಟಳು. “ಹೇಳ್ದೆ ಕೇಳ್ದೆ ಹೋಗಿ ಬೀಸಿಸ್ಕೊಂಡು ಬಾ. ಬೇಡ ಅನ್ನೋದಾದ್ರೆ ಆಮೇಲೆ ಅನ್ನು. ಈ ಸಲ ಸುಮ್‌ಸುಮ್ನೆ ಬೇಡ ಅನ್ನಕ್ಕೆ ನಾನು ಬಿಡಲ್ಲ.”

ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಬೆಳಗಿನ ಬಸ್ಸಿಗೆ ತಲೆಗೊಂದು ಟವೆಲ್ ಸುತ್ತಿಕೊಂಡು ಹೊರಟೆ.

ಮತ್ತೆ ಅದೇ ಡಬ್ಬಗಳ ಸಾಲು, ಮತ್ತೆ ಜನರಿಲ್ಲ. ಇವತ್ತು ಯಾರಿಗೋಸ್ಕರ ಜೋಡಿಸಿದರು ಎಂದುಕೊಳ್ಳುತ್ತಾ ನನ್ನ ಡಬ್ಬವನ್ನು ಕೊನೆಯಲ್ಲಿಟ್ಟೆ. ಎದುರು ಮನೆಯ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಕೂಗಿದಳು:

“ಏನಣ್ಣ, ಹೊಸಬ್ರಾ? ರಾಗಿ ತುಂಬಿದ್ ಡಬ್ಬ ಬೀದೀಲಿಟ್ಟಿದ್ದೀರಲ್ಲ, ಮೇಕೆಗಳಿಗೆ ಊಟ ಹಾಕ್ಸಕ್ ಬಂದ್ರಾ?”

“ಮತ್ತೆ ನೀವೆಲ್ಲ ಹೆಂಗ್ ಮಾಡ್ತೀರಮ್ಮ?”

“ಖಾಲಿ ಡಬ್ಬ ಇಟ್ಟು ಜಾಗ ಹಿಡ್ಕಂಡು ಮನೇಗೋಗೋದು. ಕರೆಂಟ್ ಬರೋಗಂಟ ನಿಂತ್ಕಳಕ್ಕೆ ನಮಗೇನ್ ಬೇರೆ ಕೆಲ್ಸ ಇಲ್ವಾ? ಮಿಲ್ಲು ಸದ್ದು ಕೇಳುದ್ ಮೇಲೆ ರಾಗಿ ಹೊತ್ಕಂಡು ಬರೋದು.”

ಇದನ್ನೂ ನಾನು ಪೂರ್ತಿ ನಂಬಲಿಲ್ಲ. ಎದುರು ಮನೆಯವಳು, ಹೇಳಿಕೊಟ್ಟಿರಬಹುದು. ಡಬ್ಬ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬೇವಿನ ಬುಡದಲ್ಲಿ ಕೂತೆ. ಬಿಸಿಲು ಏರಿತು. ಕೊನೆಗೆ ಒಳಗಿನಿಂದ ಮೋಟಾರು ಗುಂಯ್ ಎಂದು ಗೊಣಗಿ, ಹಾಗೂ ಹೀಗೂ ವೇಗಕ್ಕೆ ಬಂತು. ಅಷ್ಟೇ ತಡ, ಸಂದಿ ಗೊಂದಿಯಿಂದೆಲ್ಲ ಹೆಂಗಸರು ತಲೆ ಮೇಲೆ ಗಂಟು ಹೊತ್ತು ಬಂದರು. ತಂತಮ್ಮ ಡಬ್ಬದ ಹಿಂದೆ ನಿಂತು, ನೀನು ಮುಂದೆ ಸರಿಸಿಕೊಂಡೆ, ನಾನು ಸರಿಸಿಲ್ಲ ಎಂದು ಜಗಳ ಶುರು ಮಾಡಿದರು. ಅಂಥ ಜಗಳವನ್ನು ಯಾರೂ ಹೇಳಿಕೊಟ್ಟು ಆಡಿಸಲಾರರು.

ಹುಡುಗ ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೊರಗೆ ಬಂದವನು ನನ್ನನ್ನು ನೋಡಿ ಗುರುತು ಹಿಡಿದ. ಯಾಕೆ ಬಂದಿರಿ ಎಂದು ಕೇಳಲಿಲ್ಲ.

“ಬನ್ನಿ ಅಣ್ಣ. ಆದ್ರೆ ಡಬ್ಬ ಸಾಲಲ್ಲೇ ಬರ್ಲಿ. ನಿಮ್ದು ಮುಂದಕ್ಕೆ ತಗೊಂಡ್ರೆ ಇವ್ರು ನನ್ನೇ ಬೀಸಿಬುಡ್ತಾರೆ.”

ನನ್ನ ಸರದಿ ಬಂದಾಗ ಕೇಳಿದೆ: “ಮಿಲ್ಲು ಪಿಕಪ್ ಆಗ್ತಾ ಇದೆ ಅಂದ್ರು ನಮ್ಮ ಚಿಕ್ಕಪ್ಪ. ಯಾವತ್ತಿಂದ?”

“ಪಿಕಪ್ಪಾ?” ಅವನು ರಾಗಿ ಸುರಿಯುವುದನ್ನು ನಿಲ್ಲಿಸಿದ. “ಹಂಗೇನಿಲ್ಲಣ್ಣ. ನಮ್ಮಪ್ಪ ಮಿಲ್ಲು ಹಾಕ್ದಾಗಿಂದ ಇಷ್ಟೇ ಸಾಲು. ಹಿಂದಿನ ಬೀದೀಲಿ ಇನ್ನೊಂದು ಮಿಲ್ಲು ಹಾಕ್ತಾರಂತೆ. ಹಾಕಿದ್ರೆ ಕಮ್ಮಿ ಆಗ್ಬೋದು. ನಿಮ್ ತಂಗೀಗೂ ಇದನ್ನ ಹೇಳ್ಬುಡಿ.”

ಮಾರುವವನೇ ತನ್ನ ಮಾಲಿನ ದೋಷ ಹೇಳಿದರೆ, ಅದಕ್ಕಿಂತ ದೊಡ್ಡದೊಂದನ್ನು ಮುಚ್ಚಿಡಲು ಹೇಳಿರಬಹುದು ಎಂಬುದು ನನ್ನ ಅನುಭವ. ತುಮಕೂರು ಬರುವ ತನಕ ಬಸ್ಸಿನಲ್ಲಿ ಆ ದೊಡ್ಡದು ಏನಿರಬಹುದೆಂದು ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಇವತ್ತಿಗೂ ಬಿಡುತ್ತಿರಲಿಲ್ಲ. ಅನುಮಾನ ಪಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅನುಮಾನ ಬಂದ ಕಡೆಗೆ ಎರಡನೇ ಸಲ ಹೋಗಿ, ಅಷ್ಟೇ.

ತಂಗಿಗೆ ಎಲ್ಲ ಹೇಳಿದೆ. ಬರಲಿರುವ ಇನ್ನೊಂದು ಮಿಲ್ಲಿನ ವಿಚಾರವನ್ನೂ ಮುಚ್ಚಿಡಲಿಲ್ಲ. ಅವಳು ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು.

“ಅದು ಬಂದ್ರೆ ಬರ್ಲಿ,” ಎಂದಳು. “ಮೊದ್ಲೇ ಹೇಳಿದಾರಲ್ಲ. ಒಪ್ಪಿಗೆ ಅಂತ ಹೇಳ್ಕಳಿಸು.”

ಹೇಳಿ ಕಳಿಸಲಿಲ್ಲ, ನಾನೇ ಕುಣಿಗಲ್ಲಿಗೆ ಹೋದೆ. ಚಿಕ್ಕಪ್ಪ ಕುಣಿದಾಡುವುದೊಂದು ಬಾಕಿ.

“ಒಂದೇ ಮಾತು ಚಿಕ್ಕಪ್ಪ. ನಿಶ್ಚಿತಾರ್ಥದ ದಿನ ನಮ್ಮ ಅಂಗಡಿನೂ ಪಿಕಪ್ ಆಗ್ತಾ ಇದೆ ಅಂತ ನೀವು ಅವರ ಹತ್ರ ಅನ್ನಬೇಡಿ.”

“ಯಾಕ್ಲಾ? ನನ್ ಮಾತಿಂದ್ಲೇ ಅಲ್ವೇನ್ಲಾ ಸಂಬಂಧ ಕುದುರಿದ್ದು?”

“ಅದಕ್ಕೇ ಹೇಳ್ತಿರೋದು,” ಎಂದೆ. “ಅವ್ರೂ ಒಂದು ಮೋಟಾರ್ ಹೊತ್ಕೊಂಡು ಬಟವಾಡಿಗೆ ಬರೋದು ಬೇಡ.”