ನನ್ನ ಗಂಡನ ಅರದ ಪೆಟ್ಟಿಗೆ

ಹೆಣ್ಣು ನೋಡಲು ಕಾರ್ಕಳದ ಹತ್ತಿರದ ಕುಕ್ಕುಂದೂರಿನ ನಮ್ಮ ಮನೆಗೆ ಬಂದ ದಿನ ಸ್ಟ್ಯಾನಿಸ್ಲಾಸ್ ಒಂದು ಲೋಟ ಕಾಫಿ ಕುಡಿದು, ನನ್ನ ಮುಖವನ್ನು ಒಮ್ಮೆ ನೋಡಿ, "ಆಗಬಹುದು" ಎಂದರು. ಅಷ್ಟೇ, ಮುಗಿಯಿತು. ಅದೇ ಮನುಷ್ಯ ಉಡುಪಿಯ ಅಲಿಯಬ್ಬನವರ ಹಾರ್ಡ್‌ವೇರ್ ಅಂಗಡಿಗೆ ಒಂದು ಅರ ಆರಿಸಲು ಬೆಳಗ್ಗೆ ಹೋದರೆ ಊಟದ ಹೊತ್ತು ಮೀರಿದರೂ ಮನೆಗೆ ಬರುತ್ತಿರಲಿಲ್ಲ. ಇದನ್ನು ನಾನು ಮದುವೆಯಾದ ವರ್ಷವೇ ಮನಸ್ಸಿನಲ್ಲಿ ಇಟ್ಟುಕೊಂಡೆ. ಇನ್ನೂ ಬಿಟ್ಟಿಲ್ಲ.

ಇವರ ಕೆಲಸ ಮನೆ ಕಟ್ಟುವುದು, ಆದರೆ ಮೇಜಿನ ಮೇಲೆ. ಮಣಿಪಾಲದ ಒಬ್ಬ ಇಂಜಿನಿಯರರ ಆಫೀಸಿನಿಂದ ನಕ್ಷೆ ಬರುತ್ತಿತ್ತು. ಪಾಯ ತೋಡುವ ಮೊದಲೇ ಮನೆಯ ಯಜಮಾನ ನೋಡಿ ಖುಷಿಪಡಲಿ ಎಂದು ಇವರು ಅದೇ ಮನೆಯನ್ನು ಶಿವನಿ ಮರದಲ್ಲಿ ಪುಟ್ಟದಾಗಿ ಮಾಡಿಕೊಡುತ್ತಿದ್ದರು. ಬಾಗಿಲು ಬೆರಳಿನಷ್ಟು, ಕಿಟಕಿ ಉಗುರಿನಷ್ಟು. ಅದಕ್ಕೆ ಬಡಗಿಗಳ ದೊಡ್ಡ ಗರಗಸ ಆಗುವುದಿಲ್ಲ. ಸಣ್ಣ ಹಲ್ಲಿನದು ಬೇಕು, ಬೆನ್ನಿಗೆ ಹಿತ್ತಾಳೆಯ ಪಟ್ಟಿ ಇರುವಂಥದ್ದು. ಅರಗಳೂ ಹಾಗೆಯೇ, ಚಪ್ಪಟೆ, ಅರೆದುಂಡು, ಇಲಿಯ ಬಾಲದಂಥದ್ದು.

ಒಮ್ಮೆ ನಾನೂ ಅಂಗಡಿಗೆ ಜೊತೆಯಲ್ಲಿ ಹೋಗಿದ್ದೆ. ಇವರು ಗರಗಸವನ್ನು ಬಗ್ಗಿಸಿ ಬಿಟ್ಟರು, ಅದು ನೆಟ್ಟಗೆ ನಿಂತಿತೋ ಎಂದು ನೋಡಿದರು. ಒಂದು ಕಣ್ಣು ಮುಚ್ಚಿ, ಹಲ್ಲುಗಳ ಸಾಲನ್ನು ಬೆಳಕಿಗೆ ಹಿಡಿದು, ಒಂದೊಂದು ಹಲ್ಲೂ ಆಚೆಗೊಂದು ಈಚೆಗೊಂದು ಸಮನಾಗಿ ಬಾಗಿದೆಯೋ ಎಂದು ನೋಡಿದರು. ಆಮೇಲೆ ಅರವನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ಹಲ್ಲಿನ ತುದಿ ಮಿಂಚಿದರೆ ಅದು ಮೊಂಡ, ಮಿಂಚದಿದ್ದರೆ ಹರಿತ.

ಅಲಿಯಬ್ಬನವರು ನಕ್ಕರು. "ಎಂತ ಮಾರಾಯ್ರೆ, ಮದುವೆಗೆ ಹೆಣ್ಣು ನೋಡುವುದಾ?"

"ಹೆಣ್ಣನ್ನು ಇಷ್ಟು ನೋಡುವ ಅಭ್ಯಾಸ ಇವರಿಗಿಲ್ಲ," ಎಂದೆ. ಇವರಿಗೆ ಕೇಳಿಸಲೇ ಇಲ್ಲ, ಅರದಲ್ಲಿ ಮುಳುಗಿದ್ದರು.

ನನಗೆ ಬೇಕಾಗಿದ್ದದ್ದು ಒಂದೇ ಒಂದು. ಆ ಅರವನ್ನು ನೋಡುವ ಹಾಗೆ ಇವರು ಒಂದು ದಿನ ನನ್ನನ್ನು ನೋಡಬೇಕು. ಚಿನ್ನ ಕೇಳಿದೆನಾ, ಸೀರೆ ಕೇಳಿದೆನಾ?

ಇವರು ಅರ, ಗರಗಸ ಇಡುವ ಪೆಟ್ಟಿಗೆಯನ್ನಂತೂ ನಾನು ಮುಟ್ಟುವ ಹಾಗಿರಲಿಲ್ಲ. ಅದಕ್ಕೆ ಕಾರಣ ಉಂಟು. ಮದುವೆಯಾದ ಹೊಸತರಲ್ಲಿ, ಮಳೆಗಾಲಕ್ಕೆ ಎಲ್ಲ ಕಬ್ಬಿಣವೂ ತುಕ್ಕು ಹಿಡಿಯುತ್ತದೆಂದು, ನಾನು ಇವರ ಅಷ್ಟೂ ಅರಗಳಿಗೆ ಒಳ್ಳೆಯ ತೆಂಗಿನೆಣ್ಣೆ ಹಚ್ಚಿ ಒರೆಸಿ ಇಟ್ಟೆ. ನಮ್ಮ ಕಡೆ ಕತ್ತಿಗೂ ಎಣ್ಣೆ, ಬಾಗಿಲಿನ ಚಿಲಕಕ್ಕೂ ಎಣ್ಣೆ. ಮದುವೆಯ ಮುನ್ನಾದಿನದ ರೋಸ್‌ನಲ್ಲಿ ನೆಂಟರೆಲ್ಲ ಸೇರಿ ವಧುವರರ ತಲೆಗೇ ಎಣ್ಣೆ, ತೆಂಗಿನ ಹಾಲು ಸುರಿಯುತ್ತಾರೆ. ಅರಕ್ಕೆ ಹಚ್ಚಿದರೆ ಎಂತ ಪಾಪ? ಪಾಪವಂತೆ! ಎಣ್ಣೆ ತಾಗಿದ ಅರ ಮರದ ಮೇಲೆ ಜಾರುತ್ತದೆ, ಹೊಟ್ಟು ಹಲ್ಲಿನಲ್ಲಿ ಅಂಟಿಕೊಂಡು ಗಟ್ಟಿಯಾಗುತ್ತದೆ, ಅರಕ್ಕೆ ಹಚ್ಚಬೇಕಾದದ್ದು ಸೀಮೆಸುಣ್ಣ ಅಂತೆ. ಅದನ್ನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. "ಇನ್ನು ಇದನ್ನು ಮುಟ್ಟಬೇಡ ಅಪೊಲೋನಿಯಾ," ಎಂದು ಪೆಟ್ಟಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟರು.

ಸವತಿಯಾಗಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಪೆಟ್ಟಿಗೆಗೆ ಜಡೆ ಎಲ್ಲಿ? ನಾನು ಶಂಕರಪುರದ ಇವರ ಮನೆಯ ಜಗಲಿಯಲ್ಲಿ ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಾ, ಒಳಗೆ ಅರ ಉಜ್ಜುವ ಶಬ್ದ ಕೇಳುತ್ತಾ ಹೊಟ್ಟೆ ಉರಿಸಿಕೊಂಡು ವರ್ಷಗಳನ್ನು ಕಳೆದೆ.

ಆಮೇಲೆ ಜಡೆಯಿರುವವಳೇ ಬಂದಳು. ಎಂಬತ್ತಮೂರನೇ ಇಸವಿ. ಇಂಜಿನಿಯರರ ಆಫೀಸಿನಲ್ಲಿ ನಕ್ಷೆ ಬರೆಯುವ ಆಂಜೆಲಾ, ನಮ್ಮ ಕಾರ್ಕಳದವಳೇ, ಮದುವೆಯಾಗಿರಲಿಲ್ಲ. ಕಾಪುವಿನ ಜಮಾಲ್ ಸಾಹೇಬರು ಕಟ್ಟಿಸಲಿದ್ದ ಮನೆಯ ನಕ್ಷೆ ತಂದಳು. ಮೊದಲು ನಕ್ಷೆ ಕೊಟ್ಟು ಹೋಗುತ್ತಿದ್ದವಳು ಆಮೇಲೆ ಕೂರತೊಡಗಿದಳು. ಒಂದು ದಿನ ನಾನು ಕಾಫಿ ತಂದು ನೋಡುತ್ತೇನೆ, ಪೆಟ್ಟಿಗೆ ತೆರೆದಿದೆ, ಇಲಿಬಾಲದ ಅರ ಅವಳ ಕೈಯಲ್ಲಿ! "ಇದು ಬೇಡ, ಆ ಇನ್ನೊಂದು ಹಿಡಿಯಿರಿ," ಎನ್ನುತ್ತಿದ್ದಾಳೆ, ಇವರು ಹೇಳಿದ್ದನ್ನೇ ಹಿಡಿಯುತ್ತಿದ್ದಾರೆ. ಮೈಯೆಲ್ಲ ಹೊತ್ತಿ ಉರಿಯಿತು.

ಆ ಹೊತ್ತಿಗೆ ಇವರು ನನ್ನ ಮುಖ ನೋಡಿ ಮಾತಾಡುವುದನ್ನೂ ಬಿಟ್ಟಿದ್ದರು. ಊಟಕ್ಕೆ ಎದುರು ಕೂತರೆ ಕಣ್ಣು ನನ್ನ ಹೆಗಲಿನಾಚೆ, ಗೋಡೆಯ ಮೇಲೆ. ಮನಸ್ಸು ಎಲ್ಲಿ ಉಂಟು ಎಂದು ನನಗೆ ಗೊತ್ತಾಗುವುದಿಲ್ಲವಾ?

ಒಂದು ಬೆಳಗ್ಗೆ ಕಟ್ಟಿದ ಮಲ್ಲಿಗೆಯ ಅಟ್ಟೆಗಳನ್ನು ಮಾರಲು ನಾನೇ ಉಡುಪಿಗೆ ಹೋದೆ. ಅಲಿಯಬ್ಬನವರ ಅಂಗಡಿಯ ಮುಂದೆ ಆಂಜೆಲಾ ನಿಂತಿದ್ದಳು. ಒಂದು ಕಣ್ಣು ಮುಚ್ಚಿ, ಗರಗಸದ ಹಲ್ಲನ್ನು ಬೆಳಕಿಗೆ ಹಿಡಿದು, ಥೇಟ್ ನನ್ನ ಗಂಡನ ಹಾಗೆ! ಇವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಇವರು ಅವಳಿಗೆ ಕಲಿಸಿದ್ದರು. ನನಗೆ ಮುಟ್ಟಬೇಡ ಎಂದದ್ದನ್ನು ಅವಳಿಗೆ ಕಲಿಸಿದ್ದರು. ಅಲ್ಲೇ ಜಗಳ ತೆಗೆಯಬೇಕಿತ್ತು, ಆದರೆ ಮನೆಯ ಬಸ್ಸು ಹತ್ತಿದೆ.

ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ಅವಳು ಮುಟ್ಟಬಹುದು, ನಾನು ಮುಟ್ಟಬಾರದಾ? ಇವತ್ತು ಹೇಳಿಬಿಡಿ. ಅವಳಾ, ನಾನಾ?"

ಇವರು ಕುರ್ಚಿಯನ್ನು ಕೈಯಿಂದ ತಡವಿ ಕೂತರು. "ನನಗೆ ಕಣ್ಣು ಕಾಣುವುದಿಲ್ಲ ಅಪೊಲೋನಿಯಾ."

"ಎಂತ?"

"ನಡುವೆ ಎಲ್ಲ ಮಂಜು. ಗರಗಸದ ಹಲ್ಲು ಕಾಣುವುದಿಲ್ಲ. ಇದು ಸರಿಯಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕಳೆದ ಸಲ ಕಿಟಕಿ ಸೊಟ್ಟ ಮಾಡಿದ್ದೆ. ಆಂಜೆಲಾ ಯಾರಿಗೂ ಹೇಳದೆ ತಿದ್ದಿ ಕೊಟ್ಟಳು. ಆಫೀಸಿನಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಅಳುತ್ತೀಯ. ಅವಳು ಅಳುವುದಿಲ್ಲ."

ನಾನು ಅಳಲಿಲ್ಲ. ಹಠಕ್ಕೆ ಬಿದ್ದು ಅಳಲಿಲ್ಲ. ಪೆಟ್ಟಿಗೆಯನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ. ಮುಟ್ಟಬೇಡ ಎಂದು ಇವರು ಹೇಳಲಿಲ್ಲ. ಮಲ್ಲಿಗೆ ಕಟ್ಟುವವರು ಹೂವನ್ನು ನೋಡುತ್ತಾ ಕೂರುವುದಿಲ್ಲ, ನೆರೆಮನೆಯವರ ಜೊತೆ ಹರಟೆ ಹೊಡೆಯುತ್ತಿದ್ದರೂ ಅರಳಿದ ಮೊಗ್ಗು, ಬಾಡಿದ ಮೊಗ್ಗು ಬೆರಳಿಗೇ ಗೊತ್ತಾಗುತ್ತದೆ. ನಾನು ಚಪ್ಪಟೆ ಅರದ ಮೇಲೆ ಬೆರಳಿನ ತುದಿ ಎಳೆದೆ. ಶುರುವಿನಲ್ಲಿ ಚರ್ಮವನ್ನು ಹಿಡಿಯಿತು, ನಡುವೆ ಜಾರಿತು, ಕೊನೆಯಲ್ಲಿ ಮತ್ತೆ ಹಿಡಿಯಿತು.

"ಇದರ ನಡು ಸತ್ತಿದೆ," ಎಂದೆ.

ಇವರು ಅದನ್ನು ತೆಗೆದುಕೊಂಡು ಬೆರಳಾಡಿಸಿದರು. "ಹೌದು," ಎಂದರು. ಅದನ್ನು ಬದಿಗಿಟ್ಟು, "ಇನ್ನೊಂದು ನೋಡು," ಎಂದರು.

ಅಂದಿನಿಂದ ಅಂಗಡಿಗೆ ಹೋಗುವುದು ನಾನಾಯಿತು. ಗರಗಸದ ಹಲ್ಲುಗಳ ಎರಡೂ ಬದಿಯಲ್ಲಿ ಬೆರಳು ಸವರಿ, ಒಂದು ಹಲ್ಲು ಒಳಗೆ ಸರಿದಿದ್ದರೂ ಬೇಡವೆನ್ನುತ್ತಿದ್ದೆ. "ಅಯ್ಯೋ ಅಕ್ಕ, ಅವರಾದರೂ ವಾಸಿ ಇತ್ತು!" ಎಂದು ಅಲಿಯಬ್ಬನವರು ತಲೆ ಚಚ್ಚಿಕೊಂಡರು. ನಾನು ಆರಿಸಿದ ಅರ, ಇವರ ಕೈ. ನಕ್ಷೆಯ ಗೆರೆ ನಾನು ಓದಿ ಹೇಳುತ್ತಿದ್ದೆ. ಹೀಗೆ ಜಮಾಲ್ ಸಾಹೇಬರ ಮನೆ ಮೇಜಿನ ಮೇಲೆ ಎದ್ದಿತು, ಒಂದು ಕಿಟಕಿಯೂ ಸೊಟ್ಟವಿರಲಿಲ್ಲ.

ಅದನ್ನು ಒಯ್ಯಲು ಆಂಜೆಲಾ ಬಂದಳು. ಕಿಟಕಿಗಳನ್ನು ಒಂದೊಂದಾಗಿ ನೋಡಿ, "ಇನ್ನು ನನಗೆ ಇಲ್ಲಿ ಕೆಲಸ ಇಲ್ಲ," ಎಂದು ನಕ್ಕಳು. ಗೆದ್ದ ಖುಷಿಗೆ ಅವಳಿಗೆ ಕಾಫಿ ಕೊಟ್ಟೆ, ಮುಡಿಯಲು ಮಲ್ಲಿಗೆಯನ್ನೂ ಕೊಟ್ಟೆ. ಮೆಟ್ಟಿಲು ಇಳಿಯುತ್ತಿದ್ದವಳು ನಿಂತು ತಿರುಗಿದಳು.

"ಅಕ್ಕ, ಒಂದು ಮಾತು. ಅವರು ಗೋಡೆ ನೋಡುತ್ತಾ ಕೂತರೆ ಬೇಸರ ಮಾಡಬೇಡಿ. ಅವರಿಗೆ ನಡು ಕಾಣುವುದಿಲ್ಲ, ಬದಿ ಮಾತ್ರ ಕಾಣುವುದು. ನಿಮ್ಮ ಮುಖ ಕಾಣಬೇಕಾದರೆ ಕಣ್ಣನ್ನು ಪಕ್ಕಕ್ಕೆ ತಿರುಗಿಸಲೇಬೇಕು."

ನಾನು ಬಾಗಿಲಲ್ಲೇ ನಿಂತೆ. ಊಟಕ್ಕೆ ಕೂತಾಗಲೆಲ್ಲ ಆ ಗೋಡೆ, ನನ್ನ ಹೆಗಲಿನಾಚೆ. ಅಷ್ಟು ದಿನವೂ ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು, ನಾನು ಆಸೆಪಟ್ಟದ್ದಕ್ಕಿಂತ ಹೆಚ್ಚು ಹೊತ್ತು. ಅದನ್ನು ನನಗೆ ತಿಳಿಸಲು ಅವಳೇ ಬರಬೇಕಾಯಿತು. ಇವರು ತೀರಿಹೋಗಿ ಈಗ ವರ್ಷವಾಯಿತು, ಪೆಟ್ಟಿಗೆ ನನ್ನ ಮಂಚದ ಕೆಳಗೆ ಉಂಟು. ಆಂಜೆಲಾಳ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.